ಮಾಸ್ತರು ಹೇಳದ ಹೂಂ

ಗುಂಪಿನಿಂದ ಹೊರಹಾಕಿದ ಸುದ್ದಿಯನ್ನು ಗುಬ್ಬಿ ಊಟದ ನಡುವೆ ಹೇಳಿದಳು.

"ಅಮ್ಮ, 'ನಮ್ಮ ಬಡಾವಣೆ' ಗ್ರೂಪಿಂದ ನಿನ್ನನ್ನ ತೆಗೆದುಹಾಕಿದಾರೆ."

"ತೆಗೆದುಹಾಕಿದ್ರಾ? ನಾನೇನು ಯಾರಿಗಾದ್ರೂ ಬೈದ್ನಾ?"

"ಜಾಹೀರಾತು ಹಾಕಬೇಡಿ ಅಂತ ಎರಡು ಸಲ ಹೇಳಿದ್ರಂತೆ. ನೀನು ಮತ್ತೆ ಹಾಕಿದೀಯ. ಅದೂ ಯಾರೋ ತೀರಿಕೊಂಡ ಸುದ್ದಿ ಕೆಳಗೆ."

ಗುಬ್ಬಿಯ ಅಪ್ಪ ಲಿಫ್ಟ್ ರಿಪೇರಿ ಮಾಡುವವನು. ತಟ್ಟೆಯಿಂದ ತಲೆ ಎತ್ತಿ ನಕ್ಕ. "ಸತ್ತವರ ಮನೆಗೆ ವೃದ್ಧರ ಆರೈಕೆ! ಸ್ವಲ್ಪ ಲೇಟಾಯ್ತು ಕಣೇ."

"ನಗಬೇಡಿ ನೀವು. ನಾನು ನೋಡಿರಲಿಲ್ಲ ಅದನ್ನ," ಎಂದು ಅವನ ಹೆಂಡತಿ ಮೊಟ್ಟೆಯ ಪಲ್ಯದ ಪಾತ್ರೆಯನ್ನು ಟಪ್ಪೆಂದು ಕೆಳಗಿಟ್ಟಳು.

ಗುಬ್ಬಿಯ ಅಮ್ಮ, ಆ ಮನೆಯ ಸೊಸೆ, ಬಹಳ ವರ್ಷ ಆಸ್ಪತ್ರೆಯಲ್ಲಿ ಆಯಾ ಆಗಿದ್ದವಳು. ರೋಗಿಗಳ ಮೈ ಒರೆಸಿ, ಹಾಸಿಗೆ ಬದಲಿಸಿ, ಊಟ ಮಾಡಿಸಿ ಕೈ ಪಳಗಿತ್ತು. ಆಸ್ಪತ್ರೆ ಬೇರೆಯವರ ಕೈಗೆ ಹೋಗಿ, ಹೊಸ ಮಾಲೀಕರು ಹಳೆಯ ಆಯಾಗಳನ್ನೆಲ್ಲ ಮನೆಗೆ ಕಳಿಸಿದಾಗ, ಜೊತೆಯಲ್ಲಿದ್ದ ಮೂವರನ್ನು ಕಟ್ಟಿಕೊಂಡು ಅವಳು ಹೊಸ ಕೆಲಸಕ್ಕೆ ಕೈಹಾಕಿದ್ದಳು. ಹಾಸಿಗೆ ಹಿಡಿದ ವೃದ್ಧರನ್ನು, ಆಪರೇಷನ್ ಆದವರನ್ನು ಅವರವರ ಮನೆಗೇ ಹೋಗಿ ನೋಡಿಕೊಳ್ಳುವ ಕೆಲಸ. ಕರಪತ್ರ ಹಂಚಿದರು. ಔಷಧಿ ಅಂಗಡಿಯ ಗೋಡೆಗೆ ಅಂಟಿಸಿದರು. ಎಲ್ಲ ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದ ಹಾಗಾಯಿತು. ಮೂವರಲ್ಲಿ ಉದ್ದಕ್ಕ ಎಂದು ಎಲ್ಲರೂ ಕರೆಯುವ ಎತ್ತರದ ಹೆಂಗಸು ಬೆಳಗಾದರೆ ಫೋನ್ ಮಾಡುತ್ತಿದ್ದಳು.

"ಏನಾದ್ರೂ ಬಂತಾ?"

"ಇಲ್ಲ ಕಣೇ."

"ಪರವಾಗಿಲ್ಲ ಬಿಡು. ನಾಳೆ ಬರುತ್ತೆ."

ಬೈದಿದ್ದರೂ ಸೊಸೆ ತಡೆದುಕೊಳ್ಳುತ್ತಿದ್ದಳು. ಆ "ಪರವಾಗಿಲ್ಲ" ಚುಚ್ಚುತ್ತಿತ್ತು. ಹಾಗಾಗಿಯೇ ಅವಳು ಫೋನಿನಲ್ಲಿ ಸಿಕ್ಕ ಸಿಕ್ಕ ಗುಂಪಿಗೆಲ್ಲ ಸೇರಿ, ಬಡಾವಣೆಯವರ ಗುಂಪು, ತಾಯಂದಿರ ಗುಂಪು, ಅಡುಗೆಯವರ ಗುಂಪು, ಕೊನೆಗೆ ಹಳೆ ಸಾಮಾನು ಮಾರುವವರ ಗುಂಪಿಗೂ ತನ್ನ ಜಾಹೀರಾತು ಹಾಕಿದ್ದು.

"ಎಲ್ಲಾ ಕಡೆ ಒಂದೇ ಚಿತ್ರ ಹಾಕಿದೀಯಮ್ಮ," ಎಂದಳು ಗುಬ್ಬಿ. ಕಾಲೇಜಿಗೆ ಆಗಷ್ಟೇ ಸೇರಿದ್ದ ಅವಳಿಗೆ ಈ ಲೋಕ ಅಂಗೈ ರೇಖೆಯಷ್ಟು ಪರಿಚಿತ. "ನಗ್ತಿರೋ ಮುದುಕಿ, ನಗ್ತಿರೋ ನರ್ಸು. ಯಾರೋ ಏನೋ! ಜನ ಜಾಹೀರಾತು ಓದಲ್ಲ. ಕಥೆ ಓದ್ತಾರೆ. ನಿಜವಾದ ಮನೆ, ನಿಜವಾದ ಮುಖ."

"ನಿಜವಾದ ಮುಖ ಎಲ್ಲಿಂದ ತರ್ಲಿ?"

ಗುಬ್ಬಿ ಒಳಕೋಣೆಯ ಕಡೆ ನೋಡಿದಳು.

ಒಳಕೋಣೆಯಲ್ಲಿ ಅವಳ ತಾತ ಮಲಗಿದ್ದರು. ಅವರು ದರ್ಜಿ, ಹಳೆಯ ಪೇಟೆ ಬೀದಿಯಲ್ಲಿ ಎಲ್ಲರಿಗೂ ಮಾಸ್ತರು. "ಗಿರಾಕಿ ಮೊದಲು ದರ್ಜಿ ಹಾಕಿರೋ ಅಂಗಿ ನೋಡ್ತಾನೆ, ಆಮೇಲೇ ತನ್ನ ಬಟ್ಟೆ ಕೊಡ್ತಾನೆ," ಎನ್ನುತ್ತಿದ್ದವರು. ಹಾಲು ತರಲು ಮೂಲೆಯಂಗಡಿಗೆ ಹೋಗುವುದಿದ್ದರೂ ಇಸ್ತ್ರಿ ಅಂಗಿಯೇ ಆಗಬೇಕು. ಅಂಥವರಿಗೆ ಲಕ್ವ ಹೊಡೆದು ಬಲಗೈ, ಬಲಗಾಲು ಬಿದ್ದುಹೋಗಿದ್ದವು. ಬಾಯಿಯ ಬಲಮೂಲೆ ಜೋತುಬಿದ್ದಿತ್ತು. ಮಾತು ಒಂದೊಂದೇ ಪದವಾಗಿ, ತಡಕಾಡಿಕೊಂಡು ಬರುತ್ತಿತ್ತು. ಆಸ್ಪತ್ರೆಯಿಂದ ಬಂದ ಮೇಲೆ ಅವರು ಮೊದಲು ಪೂರ್ತಿಯಾಗಿ ಹೇಳಿದ ಮಾತೇ, "ಯಾರೂ... ಬರೋದು... ಬೇಡ."

ಮಗ ಮಾತು ಕೊಟ್ಟಿದ್ದ. ಬೀದಿಯ ಕಡೆಯ ಕಿಟಕಿ ಮುಚ್ಚಿದರು. ಯಾರು ಕೇಳಿದರೂ, "ಅಪ್ಪ ನನ್ನ ತಂಗಿ ಮನೆಗೆ ಹೋಗಿದಾರೆ" ಎಂದ ಮಗ. ಕಾಲು ಊರಿ ನಡೆಯುವ ಹಾಗಾಗಲಿ, ಆಮೇಲೆ ಹೇಳೋಣ ಎಂದುಕೊಂಡರು.

ಮಾಸ್ತರು ಎದ್ದು ಕೂತು ಮೊದಲ ಸಲ ಗಂಜಿ ಕುಡಿದ ದಿನ, ಊರಾಚೆ ಇದ್ದ ಅತ್ತೆಗೆ, ಅಪ್ಪನ ತಂಗಿಗೆ, ಕಳಿಸಲೆಂದು ಗುಬ್ಬಿ ಒಂದು ವಿಡಿಯೋ ಮಾಡಿದ್ದಳು. ಅದರಲ್ಲಿ ಮಾಸ್ತರ ಕತ್ತಿಗೆ ಟವೆಲ್ ಕಟ್ಟಿದೆ. ಸೊಸೆ ಚಮಚದಲ್ಲಿ ಗಂಜಿ ಕೊಡುತ್ತಾಳೆ. ಅರ್ಧ ಒಳಗೆ ಹೋಗುತ್ತದೆ, ಅರ್ಧ ಬಾಯಿಯ ಮೂಲೆಯಿಂದ ಇಳಿಯುತ್ತದೆ. ಅವಳು ಒರೆಸಿ, "ಶಭಾಷ್ ಮಾವ, ಇನ್ನೊಂದು ತುತ್ತು" ಎನ್ನುತ್ತಾಳೆ. ಅಷ್ಟರಲ್ಲಿ ಮಾಸ್ತರು ಸಣ್ಣ ಮಗುವಿನ ಹಾಗೆ ಬಿಕ್ಕಿ ಬಿಕ್ಕಿ ಅಳತೊಡಗುತ್ತಾರೆ. ಸೊಸೆ ಬಟ್ಟಲು ಕೆಳಗಿಟ್ಟು ಅವರ ತಲೆಯನ್ನು ಎದೆಗೆ ಒತ್ತಿಕೊಳ್ಳುತ್ತಾಳೆ.

"ಇದು ಹಾಕಿದ್ರೆ ಸಾಕು. ಬೇರೇನೂ ಹೇಳೋದೇ ಬೇಡ," ಎಂದಳು ಗುಬ್ಬಿ.

"ಛೇ, ಬೇಡ."

"ಯಾಕೆ? ಸುಳ್ಳಾ ಇದು? ನೀನು ನೋಡ್ಕೊಳ್ತಿಲ್ವಾ?"

ಗಂಡ ಕೈ ತೊಳೆದು ಬಂದ. "ಅಪ್ಪನ್ನ ಕೇಳದೆ ಏನೂ ಮಾಡ್ಬೇಡಿ."

"ಕೇಳ್ತೀನಿ," ಎಂದು ಸೊಸೆ ಎದ್ದಳು.

ಮಾಸ್ತರು ಎಚ್ಚರವಾಗಿಯೇ ಇದ್ದರು. ಬಾಗಿಲಲ್ಲಿ ಅವಳ ನೆರಳು ಕಂಡು ಕತ್ತು ತಿರುಗಿಸಿದರು.

"ಏನು?"

ಅವಳು ಹತ್ತಿರ ಹೋದಳು. ಹೊದಿಕೆ ಸರಿಮಾಡಿದಳು. ಬಾಯಿ ತೆರೆದಳು. "ಏನಿಲ್ಲ ಮಾವ. ನೀರು ಬೇಕಾ?"

ಅವರು ತಲೆಯಾಡಿಸಿದರು. ನೀರು ಕುಡಿಸಿ, ಗದ್ದ ಒರೆಸಿ, ದೀಪ ಆರಿಸಿ ಹೊರಗೆ ಬಂದಳು.

"ಕೇಳಿದೆ. ಹೂಂ ಅಂದ್ರು."

"ನಿಜವಾಗ್ಲೂ?" ಎಂದ ಗಂಡ.

"ನಾಲ್ಕು ಜನ ಹೆಂಗಸರಿಗೆ ಕೆಲಸ ಸಿಗುತ್ತೆ ಮಾವ ಅಂದೆ. ಹೂಂ ಅಂದ್ರು." ಗಂಡ ಕೇಳದೇ ಇದ್ದುದನ್ನೂ ಸೇರಿಸಿ ಹೇಳಿದೆನೆಂದು ಅವಳಿಗೆ ಆಗಲೇ ಅನಿಸಿತು. ಪಾತ್ರೆ ತೊಳೆಯಲು ನಲ್ಲಿ ಜೋರಾಗಿ ಬಿಟ್ಟಳು.

ಮರುದಿನ ವಿಡಿಯೋ ಹೋಯಿತು. ಗುಬ್ಬಿ ಮೇಲೆ ಒಂದು ಪುಟ್ಟ ಬರಹ ಬರೆದಿದ್ದಳು: "ಇವರು ನನ್ನ ತಾತ. ತಿನ್ನಿಸುತ್ತಿರುವುದು ನನ್ನಮ್ಮ. ತಾತನ ಒಪ್ಪಿಗೆ ಪಡೆದೇ ಹಾಕಿದ್ದೇನೆ. ನಿಮ್ಮ ಮನೆಯ ಹಿರಿಯರನ್ನೂ ನಮ್ಮಮ್ಮ ಹೀಗೇ ನೋಡಿಕೊಳ್ಳುತ್ತಾರೆ."

ಸಂಜೆಯ ಹೊತ್ತಿಗೆ ಫೋನು ಕೈಲಿ ನಿಲ್ಲಲಿಲ್ಲ. ಅಳುವ ಮುಖಗಳು, ಕೈಮುಗಿದ ಚಿತ್ರಗಳು, "ಇಂಥ ಸೊಸೆ ಎಲ್ಲ ಮನೆಗೂ ಸಿಗಲಿ" ಎಂಬ ಹಾರೈಕೆಗಳು. ಹೊರಹಾಕಿದ್ದ ಬಡಾವಣೆ ಗುಂಪಿನ ಮುಖ್ಯಸ್ಥ ತಾನೇ ಫೋನ್ ಮಾಡಿದ. ಅವನೊಬ್ಬ ನಿವೃತ್ತ ಗುಮಾಸ್ತ. "ಮತ್ತೆ ಸೇರಿಸಿದೀನಮ್ಮ ನಿಮ್ಮನ್ನ. ಇದು ಜಾಹೀರಾತಲ್ಲ. ಇದು ಸಂಸ್ಕಾರ," ಎಂದ.

ಒಂದು ವಾರದೊಳಗೆ ಉದ್ದಕ್ಕನಿಗೆ ಸೊಂಟ ಮುರಿದ ಒಬ್ಬ ಶಾಲಾ ಮೇಷ್ಟರ ಮನೆ ಸಿಕ್ಕಿತು. ಇನ್ನಿಬ್ಬರಿಗೂ ಕೆಲಸವಾಯಿತು. ಸೊಸೆ ತಾನೂ ಎರಡು ಮನೆ ಹಿಡಿದಳು. ಬೆಳಿಗ್ಗೆ ಒಂದು ಕಡೆ ಸ್ನಾನ ಮಾಡಿಸುವುದು, ಮಧ್ಯಾಹ್ನ ಇನ್ನೊಂದು ಕಡೆ ಊಟ ಮಾಡಿಸಿ ಕಾಲು ಒತ್ತುವುದು. ಹೋದಲ್ಲೆಲ್ಲ ಜನ ಅವಳ ಮುಖ ನೋಡಿ, "ಓ, ಆ ವಿಡಿಯೋದವರು!" ಎನ್ನುತ್ತಿದ್ದರು. ಅವಳು ಹಲ್ಲು ಕಾಣದ ಹಾಗೆ ನಕ್ಕು ಕೆಲಸಕ್ಕೆ ಬಾಗುತ್ತಿದ್ದಳು.

ಮನೆಯಲ್ಲಿ ದೀಪದ ಬುಡಕ್ಕೆ ಕತ್ತಲು. ಮಾಸ್ತರ ಮಧ್ಯಾಹ್ನದ ಗಂಜಿ ಮುಚ್ಚಿಟ್ಟಲ್ಲೇ ಆರಿ ಕೆನೆಗಟ್ಟುತ್ತಿತ್ತು. ಗುಬ್ಬಿ ಕಾಲೇಜಿಂದ ಬಂದು ತಿನ್ನಿಸಬೇಕು. ಕೆಲವು ದಿನ ನೆನಪು, ಕೆಲವು ದಿನ ಮರೆವು. ಒಂದು ಮಧ್ಯಾಹ್ನ ಮಗ ಸ್ಪ್ಯಾನರ್ ಮರೆತೆನೆಂದು ಮನೆಗೆ ಬಂದವನು ಅಪ್ಪ ಒದ್ದೆ ಹಾಸಿಗೆಯಲ್ಲಿ ಮಲಗಿದ್ದುದನ್ನು ಕಂಡ. ಹಾಸಿಗೆ ತಾನೇ ಬದಲಿಸಿ, ಹೆಂಡತಿ ಬರುವವರೆಗೂ ಕೆಲಸಕ್ಕೆ ಹೋಗದೆ ಕೂತ.

"ಯಾರದೋ ಅಪ್ಪನ ಕಾಲು ಒತ್ತೋಕೆ ಹೋಗಿದ್ಯಾ? ಇಲ್ಲಿ ನೋಡು."

"ಬೆಳಿಗ್ಗೆ ಬದಲಿಸಿಯೇ ಹೋಗಿದ್ದೆ."

"ಬೆಳಿಗ್ಗೆಯಿಂದ ಮಧ್ಯಾಹ್ನ ಆಗಲ್ವಾ?"

"ನಾನೊಬ್ಬಳು ಎಷ್ಟು ಕಡೆ ಇರ್ಲಿ? ನಿಮ್ಮ ಲಿಫ್ಟ್ ಥರ ಗುಂಡಿ ಒತ್ತಿದ ಕೂಡಲೇ ಬರೋಕಾಗುತ್ತಾ ನನಗೆ?"

ಅವನಿಗೆ ನಗು ಬಂತು, ತಡೆದುಕೊಂಡ. ಜಗಳ ಅಲ್ಲಿಗೆ ನಿಂತಿತು. ಒದ್ದೆ ಹಾಸಿಗೆಯ ವಾಸನೆ ಮಾತ್ರ ಅವಳ ಮೂಗಿನಿಂದ ಇಡೀ ಸಂಜೆ ಹೋಗಲಿಲ್ಲ.

ಅದಾದ ಸ್ವಲ್ಪ ದಿನಕ್ಕೆ ಕಾಜಾ ಬಂದ.

ಕಾಜಾ ಮಾಸ್ತರ ಕೈಕೆಳಗೆ ಕೆಲಸ ಕಲಿತವನು. ಹುಡುಗನಾಗಿ ಅಂಗಡಿಗೆ ಸೇರಿದಾಗ ಅಂಗಿಗಳಿಗೆ ಗುಂಡಿ ತೂರುವ ಕಾಜಾ ಹೊಲಿಯುವುದೇ ಅವನ ಕೆಲಸ. ಹೆಸರು ಹಾಗೇ ಅಂಟಿಕೊಂಡಿತು. ಈಗ ತಲೆ ನರೆತು, ಸ್ವಂತ ಅಂಗಡಿಯಿದ್ದರೂ ಕಾಜಾನೇ. ಗುಬ್ಬಿ ಬಾಗಿಲು ತೆರೆದಾಗ ಕೈಯಲ್ಲಿ ಬಾಳೆಹಣ್ಣಿನ ಚೀಲ ಹಿಡಿದು ನಿಂತಿದ್ದ. "ಮಾಸ್ತರು ಒಳಗಿದಾರೆ ಅಂತ ಗೊತ್ತು ಮಗು," ಎಂದು ಅವಳ ಉತ್ತರಕ್ಕೂ ಕಾಯದೆ ಒಳಕೋಣೆಗೆ ನಡೆದ.

ಮಾಸ್ತರು ಅವನನ್ನು ಕಂಡವರೇ ಎಡಗೈಯಿಂದ ಬಾಯಿ ಮುಚ್ಚಿಕೊಂಡರು.

"ಮುಚ್ಕೋಬೇಡಿ ಮಾಸ್ತರೇ. ನಮಗೆಲ್ಲ ಗೊತ್ತಾಗಿದೆ. ಬೀದಿಯೋರೆಲ್ಲ ನೋಡಿದ್ವಿ. ನನ್ನ ಹೆಂಡತಿ ಅವತ್ತು ಊಟಾನೇ ಮಾಡ್ಲಿಲ್ಲ." ಕಾಜಾ ಜೇಬಿನಿಂದ ಫೋನ್ ತೆಗೆದ. "ನೀವು ಎಂಥಾ ಅದೃಷ್ಟವಂತ್ರು. ಸೊಸೆ ಅಂದ್ರೆ ಹಿಂಗಿರ್ಬೇಕು. ನೋಡಿ, ನೀವೇ ನೋಡಿ."

ಗುಬ್ಬಿ ಬಾಗಿಲಲ್ಲಿದ್ದಳು. ಬೇಡ ಎನ್ನಬೇಕೆಂದು ಅವಳಿಗೆ ಹೊಳೆಯಲೇ ಇಲ್ಲ. ತಾತನಿಗೆ ಗೊತ್ತಿರುವ ವಿಷಯ ತಾನೇ ಎಂದುಕೊಂಡಳು. ಕಾಜಾ ಫೋನನ್ನು ಮಾಸ್ತರ ಮುಖದ ಮುಂದೆ ಹಿಡಿದ. "ಶಭಾಷ್ ಮಾವ, ಇನ್ನೊಂದು ತುತ್ತು" ಎಂಬ ದನಿ ಕೋಣೆಯಲ್ಲಿ ಕೇಳಿಸಿತು. ಆಮೇಲೆ ಅಳು. ಮಾಸ್ತರು ರೆಪ್ಪೆ ಹೊಡೆಯದೆ ನೋಡಿದರು. ಲಕ್ವ ಹೊಡೆದ ಮೇಲೆ ಅವರು ಕನ್ನಡಿ ನೋಡಿರಲಿಲ್ಲ; ಮನೆಯಲ್ಲಿ ಯಾರೂ ತೋರಿಸಿರಲಿಲ್ಲ. ವಿಡಿಯೋ ಮುಗಿದು ತಾನಾಗಿ ಮತ್ತೆ ಮೊದಲಿಂದ ಶುರುವಾಯಿತು.

"ಸಾಕು," ಎಂದರು ಮಾಸ್ತರು.

ಕಾಜಾ ಕಣ್ಣೊರೆಸಿಕೊಂಡು ಫೋನ್ ಜೇಬಿಗಿಟ್ಟ. ಮಾಸ್ತರ ಕಣ್ಣು ಬಾಗಿಲಲ್ಲಿದ್ದ ಗುಬ್ಬಿಯ ಮುಖದ ಮೇಲೆ ನಿಂತಿತು. ಹೊರಡುವಾಗ ಬಾಗಿಲಲ್ಲಿ ಅವನು ಗುಬ್ಬಿಗೆ ಹೇಳಿದ: "ಅಂಗಡಿಗೆ ಬಂದು ನಿಮ್ಮಪ್ಪನೇ ಹೇಳಿದ್ದ, ಮಾಸ್ತರು ಮಗಳ ಮನೇಲಿದಾರೆ ಅಂತ. ಫೋನಲ್ಲಿ ಲೋಕಕ್ಕೆಲ್ಲ ತೋರಿಸಿದ್ರಿ, ನನಗೊಂದು ಮಾತು ಹೇಳ್ಲಿಲ್ವಲ್ಲ ಮಗು." ಸಿಟ್ಟಿನಿಂದಲ್ಲ, ನೊಂದುಕೊಂಡು ಹೇಳಿದ.

ಆ ಸಂಜೆ ಸೊಸೆ ಗಂಜಿ ತಂದು ಚಮಚ ಎತ್ತಿದಾಗ ಮಾಸ್ತರು ತುಟಿ ಬಿಗಿದರು.

"ಬಿಸಿ ಇದೆಯಾ ಮಾವ?"

ಅವರು ಗೋಡೆಯ ಕಡೆ ತಿರುಗಿದರು. ಅವಳು ಆ ಬದಿಗೆ ಹೋದರೆ ಈ ಬದಿಗೆ. ಕೊನೆಗೆ ಗುಬ್ಬಿ ಚಮಚ ತೆಗೆದುಕೊಂಡಳು. ಅವಳ ಕೈಯಿಂದ ನಾಲ್ಕು ತುತ್ತು ತಿಂದರು. ಮರುದಿನ ಮಗನ ಕೈಯಿಂದ ತಿಂದರು. ಸೊಸೆ ಹಾಸಿಗೆ ಬದಲಿಸಲು, ಮೈ ಒರೆಸಲು ಅಡ್ಡಿಯಿಲ್ಲ. ತುತ್ತು ಮಾತ್ರ ಅವಳ ಕೈಯಿಂದ ಬೇಡ.

"ಏನಾಯ್ತು ಅಪ್ಪಂಗೆ ನಿನ್ನ ಮೇಲೆ?" ಎಂದ ಗಂಡ.

"ವಯಸ್ಸಾಯ್ತಲ್ಲ, ಹಟ," ಎಂದಳು. ಹೊರಗೆ ಎರಡು ಮನೆಯ ವೃದ್ಧರು ಅವಳ ಕೈತುತ್ತಿಗೆ ಬಾಯಿ ತೆರೆಯುತ್ತಿದ್ದರು. ಅಲ್ಲಿ ಚಮಚ ಎತ್ತುವಾಗಲೆಲ್ಲ ಇಲ್ಲಿ ಬಿಗಿದ ತುಟಿ ಕಾಣುತ್ತಿತ್ತು.

ಆ ಭಾನುವಾರ ನಾದಿನಿ ಬಂದಿಳಿದಳು. ಚಪ್ಪಲಿಯನ್ನೂ ಬಿಡಲಿಲ್ಲ.

"ಅತ್ತಿಗೆ, ನಮ್ಮ ಆಫೀಸಿನ ಗ್ರೂಪಲ್ಲಿ ನಮ್ಮಪ್ಪ ಬಂದಿದಾರೆ! ಅಪ್ಪ ಅಳೋದನ್ನ ನೋಡಿ ನಮ್ಮ ಮ್ಯಾನೇಜರ್ ಹೆಬ್ಬೆಟ್ಟು ಒತ್ತಿದಾನೆ. ನನಗೆ ಕಳಿಸೋಕೆ ಅಂತ ತೆಗೆದ ವಿಡಿಯೋ ಅಲ್ವಾ ಅದು? ನಮ್ಮಪ್ಪನ್ನ ಬೀದಿಲಿ ಮಾರಾಟಕ್ಕಿಟ್ಟಿದೀರಾ?"

"ಮಾರಾಟ ಗೀರಾಟ ಅನ್ಬೇಡ ಕಣೇ," ಎಂದ ಅಣ್ಣ.

"ಮತ್ತೇನನ್ಲಿ? ಊರಿಗೆ ಉಪಕಾರಿ, ಮನೆಗೆ ಮಾರಿ! ಬೇರೆಯವರ ಮನೆ ಮುದುಕರನ್ನ ನೋಡ್ಕೊಳ್ಳೋಕೆ ನಮ್ಮನೆ ಮುದುಕರ ಮಾನ ಕಳೀಬೇಕಾ?"

ಗುಬ್ಬಿ ನಡುವೆ ಬಂದಳು. "ಅತ್ತೆ, ತಾತನ್ನ ಕೇಳಿಯೇ ಹಾಕಿದ್ದು. ಅಮ್ಮ ಕೇಳಿದ್ಲು. ತಾತ ಹೂಂ ಅಂದ್ರು."

"ಯಾವ ತಾತ? ಹಾಲು ತರೋಕೂ ಇಸ್ತ್ರಿ ಅಂಗಿ ಹಾಕ್ಕೊಂಡು ಹೋಗ್ತಿದ್ದ ಆ ತಾತ? ಬಾ, ಕೇಳೇಬಿಡೋಣ."

ಎಲ್ಲರೂ ಒಳಕೋಣೆಗೆ ಹೋದರು. ಸೊಸೆ ಕೊನೆಯಲ್ಲಿ ಹೋಗಿ ಬಾಗಿಲ ಚೌಕಟ್ಟು ಹಿಡಿದು ನಿಂತಳು. ಈಗ ಹೇಳಿಬಿಡಬೇಕು, ಅವರು ಹೇಳುವ ಮೊದಲು ನಾನೇ ಹೇಳಿಬಿಡಬೇಕು ಎಂದುಕೊಂಡಳು. 

"ಅಪ್ಪ, ಆ ವಿಡಿಯೋ ಹಾಕೋಕೆ ಮೊದಲು ಅತ್ತಿಗೆ ನಿನ್ನನ್ನ ಕೇಳಿದ್ರಾ?"

ಮಾಸ್ತರು ಮಗಳನ್ನು ನೋಡಿದರು. ಮಗನನ್ನು ನೋಡಿದರು. ಅವರ ಹಿಂದೆ, ಚೌಕಟ್ಟು ಹಿಡಿದು ನಿಂತವಳ ಮೇಲೆ ಅವರ ಕಣ್ಣು ನಿಂತಿತು.

"ಹೂಂ," ಎಂದರು.

"ನೀನು ಒಪ್ಪಿದ್ಯಾ?"

"ಒಪ್ಪಿದೆ."

ನಾದಿನಿಯ ಸಿಟ್ಟು ಉಕ್ಕುವ ಹಾಲಿಗೆ ನೀರು ಚಿಮುಕಿಸಿದ ಹಾಗೆ ಇಳಿಯಿತು. ಚಪ್ಪಲಿ ಬಿಟ್ಟು ಬಂದು ಚಹಾ ಕುಡಿದಳು. ಹೊರಡುವಾಗ ಅತ್ತಿಗೆಯ ಕೈ ಹಿಡಿದುಕೊಂಡಳು. "ಬಾಯಿಗೆ ಬಂದ ಹಾಗೆ ಅಂದ್ಬಿಟ್ಟೆ. ಮನಸ್ಸಿಗೆ ಹಚ್ಕೋಬೇಡಿ ಅತ್ತಿಗೆ. ನನ್ನದೇ ತಪ್ಪು."

"ಅಯ್ಯೋ, ಹಾಗನ್ಬೇಡಿ," ಎಂದಳು ಸೊಸೆ. ನಾದಿನಿ ಹಿಡಿದಿದ್ದ ಕೈ ಬಿಡಿಸಿಕೊಂಡು ಒಲೆಯ ಹತ್ತಿರ ಹೋಗಿ, ಅಲ್ಲಿ ಏನು ಮಾಡಲು ಬಂದೆನೆಂದು ತಿಳಿಯದೆ ನಿಂತಳು.

ಮರುದಿನ ಬೆಳಿಗ್ಗೆ ಮನೆಯಲ್ಲಿ ಸೊಸೆ, ಮಾಸ್ತರು ಇಬ್ಬರೇ. ಅವಳು ಕೆಲಸದ ಮನೆಯವರಿಗೆ ಬರುವುದು ತಡವಾಗುತ್ತದೆಂದು ಫೋನಿನಲ್ಲಿ ಹೇಳಿ, ಮಾಸ್ತರನ್ನು ಮಗ್ಗುಲಿಗೆ ಹೊರಳಿಸಿ ಕೆಳಗಿನ ಹಾಸು ಎಳೆಯುತ್ತಿದ್ದಳು. ಅವರ ಬೆನ್ನು ಅವಳ ಕಡೆಗಿತ್ತು. ಬೆನ್ನಿಗೆ ಹೇಳುವುದು ಸುಲಭವೆನಿಸಿತು.

"ಮಾವ, ನಾನು ನಿಮ್ಮನ್ನ ಕೇಳಿರಲಿಲ್ಲ."

"ಗೊತ್ತು."

"ಕೇಳೋಕೆ ಅಂತಾನೇ ಬಂದಿದ್ದೆ. ನೀರು ಕೊಟ್ಟು ಹೋಗ್ಬಿಟ್ಟೆ."

ಅವರು ಮಾತು ಹೊಂದಿಸಿಕೊಳ್ಳಲು ಸ್ವಲ್ಪ ಹೊತ್ತು ಬೇಕಾಯಿತು. "ಕೇಳಿದ್ರೆ... ಬೇಡ... ಅಂತಿದ್ದೆ. ಅದಕ್ಕೇ... ಕೇಳ್ಲಿಲ್ಲ ನೀನು."

ಅವಳು ಇಲ್ಲವೆನ್ನಲಿಲ್ಲ. ಅವರನ್ನು ಮೆಲ್ಲಗೆ ಅಂಗಾತ ಮಲಗಿಸಿದಳು. ಈಗ ಮುಖ ಎದುರಿಗಿತ್ತು.

"ಮತ್ತೆ ನಿನ್ನೆ ಅವರ ಮುಂದೆ ಯಾಕೆ ಹೂಂ ಅಂದ್ರಿ? ಬೈದುಬಿಡಬಹುದಿತ್ತು. ನಾನು ಬೈಸಿಕೊಳ್ತಿದ್ದೆ."

ಮಾಸ್ತರು ಅವಳ ಕೈಯಲ್ಲಿದ್ದ ಒದ್ದೆ ಹಾಸನ್ನು ನೋಡಿದರು.

"ನಾಳೆ... ಊಟ... ಯಾರು... ಹಾಕ್ತಾರೆ?"

ಇಡೀ ರಾತ್ರಿ ಅವಳು ಒಂದನ್ನೇ ಅಂದುಕೊಂಡಿದ್ದಳು: ಮಾವ ದೊಡ್ಡ ಮನಸ್ಸು ಮಾಡಿದರು, ನನ್ನನ್ನು ಉಳಿಸಿದರು ಎಂದು. ಅಕ್ಕರೆ ಎಂದುಕೊಂಡಿದ್ದು ಅಂಜಿಕೆಯಾಗಿತ್ತು. ಅವಳು ಹಾಸನ್ನು ಬಚ್ಚಲಿಗೆ ಒಯ್ದು, ನೆನೆಹಾಕಿ, ಅಲ್ಲೇ ಕುಕ್ಕರಗಾಲಲ್ಲಿ ಕೂತಳು. ಆಸ್ಪತ್ರೆಯಲ್ಲಿ ಹಾಸಿಗೆ ಹಿಡಿದವರು ಆಯಾಗಳ ಮುಂದೆ ಎಷ್ಟು ನಯವಾಗಿ ಮಾತಾಡುತ್ತಿದ್ದರು! ಬೈಯುವಂಥದ್ದಾದಾಗಲೂ "ಪುಣ್ಯಾತ್ಗಿತ್ತಿ" ಎನ್ನುತ್ತಿದ್ದರು. ಅದು ಯಾಕೆಂದು ಇಷ್ಟು ವರ್ಷ ಅವಳು ಯೋಚಿಸಿರಲಿಲ್ಲ.

ಅಂದು ಎಲ್ಲರೂ ಊಟಕ್ಕೆ ಕೂತಾಗ, ಅನ್ನ ಬಡಿಸಿ ಮುಗಿಸಿ, ತನ್ನ ತಟ್ಟೆಗೆ ಹಾಕಿಕೊಳ್ಳದೆ ಹೇಳಿದಳು.

"ಮಾವನ್ನ ನಾನು ಕೇಳಿರಲಿಲ್ಲ. ಅವರು ಹೂಂ ಅಂದಿರಲಿಲ್ಲ. ನಾನೇ ಹುಟ್ಟಿಸಿ ಹೇಳಿದ್ದು."

ಗುಬ್ಬಿ ತುತ್ತು ಹಾಗೇ ಹಿಡಿದಳು. "ತಾತ ನಿನ್ನೆ ಒಪ್ಪಿದೆ ಅಂದ್ರಲ್ಲ?"

"ಸುಳ್ಳು ಹೇಳಿದ್ರು. ನನಗೆ ಹೆದರಿಕೊಂಡು."

"ಅಮ್ಮ, 'ತಾತನ ಒಪ್ಪಿಗೆ ಪಡೆದೇ ಹಾಕಿದ್ದೇನೆ' ಅಂತ ಬರೆದಿದ್ದು ನಾನು! ನನ್ನ ಹೆಸರಲ್ಲಿ! ಕಾಜಾ ಮಾಮ ತೋರಿಸುವಾಗ ನಾನು ಬಾಗಿಲಲ್ಲೇ ನಿಂತಿದ್ದೆ. ತಾತ ನನ್ನ ಮುಖ ನೋಡಿದ್ರು. ನನಗೆ ಅರ್ಥಾನೇ ಆಗ್ಲಿಲ್ಲ." ಅವಳು ತಟ್ಟೆ ತಳ್ಳಿ ಎದ್ದಳು. "ನಿನ್ನ ಸುಳ್ಳನ್ನ ನನ್ನ ಕೈಲಿ ಯಾಕೆ ಬರೆಸಿದೆ?"

ಸೊಸೆ ಗಂಡನ ಕಡೆ ನೋಡಿದಳು. ಅವನು ಅನ್ನವನ್ನು ಬೆರಳಲ್ಲಿ ಕೆದಕುತ್ತ ಕೂತಿದ್ದ.

"ನೀವಾದ್ರೂ ಬೈಯ್ರಿ."

"ಯಾವ ಬಾಯಲ್ಲಿ ಬೈಲಿ? 'ನಿಜವಾಗ್ಲೂ?' ಅಂತ ಕೇಳಿದವನು ನಾನೇ ತಾನೆ. ಅನುಮಾನ ಬಂದಿತ್ತು, ಅದಕ್ಕೇ ಕೇಳಿದ್ದು. ಎದ್ದು ಹೋಗಿ ಅಪ್ಪನ್ನ ಕೇಳೋಕೆ ಎಷ್ಟು ದೂರ ಇತ್ತು? ಕೆಲಸ ಸಿಕ್ಕರೆ ಸಿಗಲಿ ಅಂತ ನಾನೂ ಸುಮ್ಮನಾದೆ." ಕೈ ತೊಳೆದು ಅಪ್ಪನ ಕೋಣೆಗೆ ಹೋದ. 

ಗುಬ್ಬಿ ಅಮ್ಮನ ಜೊತೆ ಮಾತು ಬಿಟ್ಟಳು. ಆದರೆ ಹಾಕಿದ್ದಲ್ಲೆಲ್ಲ ವಿಡಿಯೋ ಅವಳೇ ತೆಗೆದಳು. ಬೇರೆಯವರು ಹಂಚಿದ್ದನ್ನು ತೆಗೆಸಲು ಸೊಸೆ ಒಬ್ಬೊಬ್ಬರಿಗೂ ಫೋನ್ ಮಾಡಿದಳು. ನಿವೃತ್ತ ಗುಮಾಸ್ತ ಒಪ್ಪಲೊಲ್ಲ.

"ಎಂಥಾ ಒಳ್ಳೆ ವಿಡಿಯೋ ಅಮ್ಮ. ಯಾಕೆ ತೆಗೀಬೇಕು?"

"ಅದು ಜಾಹೀರಾತು ಸರ್. ನಿಮ್ಮ ನಿಯಮದ ಪ್ರಕಾರ ತೆಗೀರಿ."

ಕೆಲವರು ತೆಗೆದರು, ಕೆಲವರು ತೆಗೆಯಲಿಲ್ಲ. ಯಾರೋ ಅದಕ್ಕೆ ಕೊಳಲಿನ ಸಂಗೀತ ಸೇರಿಸಿ "ಕಣ್ಣೀರು ತರಿಸುವ ದೃಶ್ಯ" ಎಂದು ಹಾಕಿದ್ದರು. ಅವರು ಯಾರು, ಎಲ್ಲಿಯವರು ಎಂಬುದೇ ತಿಳಿಯಲಿಲ್ಲ. ಸಾವಿರ ಬಾಯಿಗೆ ಬಿದ್ದ ಮಾತನ್ನು ಹಿಂದಕ್ಕೆ ಕರೆಯುವುದು ಹೇಗೆ?

ಹೊಸ ಕರೆಗಳು ಕಡಿಮೆಯಾದವು. ಮೇಷ್ಟರ ಸೊಂಟ ಕೂಡಿಕೊಂಡಿದ್ದರಿಂದ ಉದ್ದಕ್ಕನ ಕೆಲಸ ಮುಗಿಯಿತು. ಅವಳು ಮನೆಗೇ ಬಂದಳು.

"ನೋಡೋರೆಲ್ಲ ನೋಡಿ ಆಯ್ತಲ್ಲೇ. ಈಗ ತೆಗೆದು ಏನು ಸಾಧಿಸಿದೆ? ನಿನ್ನ ತಪ್ಪಿಗೆ ನಮ್ಮ ಹೊಟ್ಟೆ ಮೇಲೆ ಯಾಕೆ ಹೊಡೀತೀಯ?"

 ಮೂವರಲ್ಲಿ ಒಬ್ಬಳು ಬಟ್ಟೆ ಅಂಗಡಿಗೆ ಸೇರಿಕೊಂಡಳು. ಸೊಸೆ ತನ್ನ ಎರಡು ಮನೆಗಳಲ್ಲಿ ಒಂದನ್ನು ಉದ್ದಕ್ಕನಿಗೆ ಬಿಟ್ಟುಕೊಟ್ಟಳು. ಮಧ್ಯಾಹ್ನ ಮನೆಯಲ್ಲಿರತೊಡಗಿದಳು.

ಆ ಮೊದಲ ಮಧ್ಯಾಹ್ನ ಬಿಸಿ ಗಂಜಿ ತಂದು ಬಾಗಿಲಲ್ಲೇ ನಿಂತಳು. "ಮಾವ, ನನ್ನ ಕೈಯಿಂದ ಬೇಡ ಅಂದ್ರೆ ಉದ್ದಕ್ಕನ್ನ ಬರ ಹೇಳ್ತೀನಿ. ಅವಳು ತಿನ್ನಿಸ್ತಾಳೆ."

"ಬೇಡ," ಎಂದು ಮಾಸ್ತರು ಎಡಗೈ ಚಾಚಿದರು. "ಚಮಚ."

ಬದುಕೆಲ್ಲ ಬಲಗೈಯಲ್ಲಿ ಕತ್ತರಿ ಹಿಡಿದವರು. ಎಡಗೈ ಮಾತು ಕೇಳಲಿಲ್ಲ. ಮೊದಲ ತುತ್ತು ಮೂಗಿಗೆ ಹೋಯಿತು, ಎರಡನೆಯದು ಅಂಗಿಗೆ. ಅವಳ ಕೈ ತಾನಾಗಿ ಮುಂದೆ ಹೋಯಿತು; ಅವರು ಕತ್ತೆತ್ತಿ ನೋಡಿದರು; ಕೈ ಹಿಂದಕ್ಕೆ ಬಂತು. ಅರ್ಧ ಬಟ್ಟಲು ಹಾಸಿಗೆಯ ಪಾಲಾಯಿತು. ಮರುದಿನವೂ ಅದೇ. ಗುಬ್ಬಿ ಅಂಚು ಎತ್ತರವಿರುವ ಬಟ್ಟಲು ಹುಡುಕಿ ತಂದಳು. ಮಗ ಚಮಚದ ಹಿಡಿಯನ್ನು ಬಗ್ಗಿಸಿ, ರಬ್ಬರ್ ಸುತ್ತಿಕೊಟ್ಟ. "ಲಿಫ್ಟಿನ ಸಾಮಾನಪ್ಪ, ಬಿದ್ದರೆ ಕಂಪನಿ ಜವಾಬ್ದಾರಿ," ಎಂದ. ಮಾಸ್ತರ ಬಾಯಿಯ ಒಂದು ಬದಿ ನಕ್ಕಿತು.

ವಾರಗಳು ಕಳೆದವು. ಚೆಲ್ಲುವುದು ಕಡಿಮೆಯಾಯಿತು. ಬೀದಿ ಕಡೆಯ ಕಿಟಕಿ ತೆಗೆಯಲು ಮಾಸ್ತರೇ ಹೇಳಿದರು. ಕಾಜಾ ಸಂಜೆ ಬಂದು ಕೂರುತ್ತಿದ್ದ. ಅಂಗಡಿಯ ಸುದ್ದಿ ಹೇಳುತ್ತಿದ್ದ. ಅವರು ಬಾಯಿ ಮುಚ್ಚಿಕೊಳ್ಳದೆ ಕೇಳುತ್ತಿದ್ದರು. ಗುಬ್ಬಿ ಅಮ್ಮನ ಜೊತೆ ಮತ್ತೆ ಮಾತಾಡತೊಡಗಿದಳು, ಮೊದಲು "ಉಪ್ಪು ಕೊಡು" ಎಂಬಷ್ಟು, ಆಮೇಲೆ ಇನ್ನಷ್ಟು. ಸೊಸೆಯ ಕೈಯಿಂದ ಮಾತ್ರ ಮಾಸ್ತರು ಒಂದು ತುತ್ತನ್ನೂ ತಿನ್ನಲಿಲ್ಲ.

ನಾದಿನಿ ಮತ್ತೆ ಬಂದದ್ದು ಅಪ್ಪ ದಿಂಬಿಗೊರಗಿ ಕೂತು, ಮಡಿಲಲ್ಲಿ ತಟ್ಟೆಯಿಟ್ಟುಕೊಂಡು, ಎಡಗೈಯಲ್ಲಿ ಅನ್ನ ತಿನ್ನುತ್ತಿದ್ದ ಹೊತ್ತಿಗೆ. ಅವಳ ಕಣ್ಣು ತುಂಬಿತು. ನೇರ ಅಡುಗೆಮನೆಗೆ ಬಂದು, ಆಲೂಗಡ್ಡೆ ಹೆರೆಯುತ್ತಿದ್ದ ಅತ್ತಿಗೆಯನ್ನು ತಬ್ಬಿಕೊಂಡಳು. ಪಕ್ಕದಲ್ಲಿ ಉದ್ದಕ್ಕನೂ ಕೂತಿದ್ದಳು. ಅವಳ ಕೈಲಿದ್ದ ಒಂದು ಮನೆಯೂ ಮುಂದಿನ ವಾರ ಮುಗಿಯುವುದಿತ್ತು.

"ಅತ್ತಿಗೆ, ನಿಮ್ಮ ಕೈಗುಣ! ಇಷ್ಟು ಬೇಗ ಎಡಗೈ ಪಳಗಿಸಿದೀರಲ್ಲ. ಎಷ್ಟು ತಾಳ್ಮೆ ಇರ್ಬೇಕು."

"ನಾನೇನೂ ಮಾಡ್ಲಿಲ್ಲ," ಎಂದಳು ಸೊಸೆ.

"ನೋಡಿ, ಇದೇ ನಿಮ್ಮ ದೊಡ್ಡಗುಣ."

"ನಿಜವಾಗಿ ಹೇಳ್ತಿದೀನಿ. ನನ್ನ ಕೈಯಿಂದ ತಿನ್ನಬಾರದು ಅಂತ ಅವರೇ ಕಲಿತ್ರು."

ನಾದಿನಿ ಅದನ್ನು ತಮಾಷೆಯೆಂದು ತಿಳಿದು ನಕ್ಕಳು. "ಈಗ ನಾನೇ ಹೇಳ್ತಿದೀನಿ, ಇದನ್ನ ಗ್ರೂಪಿಗೆ ಹಾಕಿ. ಅವತ್ತು ಅಳ್ತಿದ್ರು, ಇವತ್ತು ತಾನೇ ಊಟ ಮಾಡ್ತಿದಾರೆ. ಜನ ನೋಡ್ಲಿ. ಆಫೀಸಲ್ಲಿ ದಿನಾ ಕೇಳ್ತಾರೆ, ನಿಮ್ಮ ತಂದೆ ಹೇಗಿದಾರೆ ಅಂತ. ನನಗೂ ತೋರಿಸೋಕೆ ಒಂದು ಬೇಕು."

"ಹೌದು ಕಣೇ," ಎಂದಳು ಉದ್ದಕ್ಕ, ಸೊಸೆಯ ಮುಖ ನೋಡದೆ. "ಇದರಲ್ಲಿ ಮಾನ ಹೋಗೋಂಥದ್ದೇನಿದೆ? ಹೆಮ್ಮೆ ಪಡೋದೇ."

ಮೇಜಿನ ಹತ್ತಿರ ಓದುತ್ತಿದ್ದ ಗುಬ್ಬಿ ಪುಸ್ತಕದಿಂದ ತಲೆ ಎತ್ತಿ ಅಮ್ಮನನ್ನೇ ನೋಡಿದಳು.

ಸೊಸೆ ಕೈ ತೊಳೆದು, ಒರೆಸಿಕೊಂಡು, ಒಳಕೋಣೆಗೆ ಹೋದಳು. ಸ್ಟೂಲು ಎಳೆದು ಮಾಸ್ತರ ಎದುರಿಗೆ ಕೂತಳು.

"ಮಾವ, ನೀವು ಊಟ ಮಾಡೋದನ್ನ ವಿಡಿಯೋ ಮಾಡಿ ಗ್ರೂಪಿಗೆ ಹಾಕೋಣ ಅಂತಿದಾರೆ. ಹಾಕಿದ್ರೆ ನಮಗೆ ಕೆಲಸ ಬರುತ್ತೆ. ಉದ್ದಕ್ಕನಿಗೂ ಬರುತ್ತೆ. ಬೀದಿಯವರು ನೋಡ್ತಾರೆ, ಗುರುತಿಲ್ಲದವರೂ ನೋಡ್ತಾರೆ. ಒಮ್ಮೆ ಹಾಕಿದ್ರೆ ವಾಪಸ್ ತೆಗೆಯೋಕೆ ನನ್ನ ಕೈಲಾಗಲ್ಲ." ಅವಳು ಉಸಿರು ತೆಗೆದುಕೊಂಡಳು. "ನೀವು ಬೇಡ ಅಂದ್ರೂ ನಾಳೆ ಊಟ ಇರುತ್ತೆ. ನಾಳಿದ್ದೂ ಇರುತ್ತೆ. ಹಾಕಬಹುದಾ?"

ಮಾಸ್ತರು ಚಮಚವನ್ನು ತಟ್ಟೆಯಲ್ಲಿಟ್ಟರು. ಅವಳನ್ನು ಬಹಳ ಹೊತ್ತು ನೋಡಿದರು, ಬಟ್ಟೆ ಕತ್ತರಿಸುವ ಮುನ್ನ ಗುರುತು ಸರಿಯಿದೆಯೇ ಎಂದು ನೋಡುವ ಹಾಗೆ.

"ಬೇಡ."

ಪದ ತಡವರಿಸಲಿಲ್ಲ. ಕಡ್ಡಿ ಮುರಿದ ಹಾಗೆ ಬಂತು.

"ಆಯ್ತು ಮಾವ," ಎಂದು ಅವಳು ಎದ್ದಳು. ಅವರು ಚಮಚ ಎತ್ತಿಕೊಂಡರು.

ಅಡುಗೆಮನೆಯಲ್ಲಿ ಮೂವರೂ ಅವಳ ಮುಖ ನೋಡುತ್ತಿದ್ದರು.

"ಬೇಡ ಅಂದ್ರು."

"ಸರಿಯಾಗಿ ಬಿಡಿಸಿ ಹೇಳಿದ್ರಾ ಅತ್ತಿಗೆ? ನಾನು ಹೋಗಿ ಇನ್ನೊಂದ್ಸಲ ಕೇಳ್ತೀನಿ. ನನಗೆ ಇಲ್ಲ ಅನ್ನಲ್ಲ ಅಪ್ಪ."

"ಬಿಡಿಸಿಯೇ ಹೇಳಿದೆ," ಎಂದು ಸೊಸೆ ಬಾಗಿಲಿಗೆ ಅಡ್ಡವಾಗಿ ನಿಂತಳು. "ಬೇಡ ಅಂದ್ರು."

 ಉದ್ದಕ್ಕ ನಿಟ್ಟುಸಿರು ಬಿಟ್ಟು, ಬುಟ್ಟಿಯಿಂದ ಒಂದು ಆಲೂಗಡ್ಡೆ ತೆಗೆದುಕೊಂಡು, "ಇನ್ನೊಂದು ಚಾಕು ಕೊಡು ಇತ್ತ," ಎಂದಳು.